ಬಳೆಗಾರನ ಮಗ, ಜೇಡರ ಹುಡುಗ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಬಾಡಗಂಡಿಯ ರಾತ್ರಿ ರಸ್ತೆಗೆ ಬಾಲ ಬೆಳೆಯುತ್ತದೆ. ಒಂದರ ಹಿಂದೊಂದು ಟ್ರ್ಯಾಕ್ಟರು, ಒಂದೊಂದಕ್ಕೂ ಎರಡೆರಡು ಟ್ರೇಲರು, ಮೇಲೆ ಆಳೆತ್ತರ ಕಬ್ಬು. ಸಕ್ಕರೆ ಕಾರ್ಖಾನೆಯ ತೂಕದ ಕಾಟಾ ಮುಟ್ಟುವಷ್ಟರಲ್ಲಿ ಬೆಳಗಾದರೂ ಆಶ್ಚರ್ಯವಿಲ್ಲ. ಹೋದ ಹಂಗಾಮಿನಲ್ಲಿ ಅಂಥದೊಂದು ಸಾಲಿನಲ್ಲಿ, ತಂಗಿಯ ಮಗನ ಪಕ್ಕ, ಮಡ್‌ಗಾರ್ಡಿನ ಮೇಲೆ ಕೂತಿದ್ದೆ. ಡಿಪ್ಲೊಮಾ ಮುಗಿಸಿ ಸದ್ಯಕ್ಕೆ ಮನೆಯ ಟ್ರ್ಯಾಕ್ಟರು ಹೊಡೆಯುವ ಹುಡುಗ. ಹಿಂದಿನ ಗಾಡಿಯ ಸ್ಪೀಕರಿನಲ್ಲಿ ಜಾನಪದ ಹಾಡು ಒದರುತ್ತಿತ್ತು. ಇವನು ಮೊಬೈಲಿನಲ್ಲಿ ಕಾಮಿಕ್ಸ್ ಓದುತ್ತಿದ್ದ. ಓದುತ್ತ ಓದುತ್ತ ಹುಬ್ಬು ಗಂಟಿಕ್ಕಿದ.

"ಅಲ್ರೀ ಮಾಮಾ, ಇವ ಸ್ಪೈಡರ್‌ಮ್ಯಾನ್ ಹೌದಲ್ರಿ? ಒಬ್ಬ ಕಳ್ಳ ಇಲ್ಲ, ಒಂದು ಗುದ್ದು ಇಲ್ಲ. ಪುಸ್ತಕ ಮುಗಿಯಾಕ ಬಂತು, ಹುಡುಗಿ ಮುಂದ ಕುಂತು ಮಾತಾಡಾಕತ್ತಾನ. ಹೊಡದಾಟ ಯಾವಾಗ?"

ಬಗ್ಗಿ ನೋಡಿದೆ. 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' ಮಾಲೆಯ 13ನೆಯ ಸಂಚಿಕೆ, 2001ರದ್ದು. ಬರೆದವನು ಬ್ರಯಾನ್ ಮೈಕೆಲ್ ಬೆಂಡಿಸ್, ಚಿತ್ರ ಮಾರ್ಕ್ ಬ್ಯಾಗ್ಲಿಯದು. ಹದಿನೈದು ವರ್ಷದ ಪೀಟರ್ ಪಾರ್ಕರ್ ತನ್ನ ಗುಟ್ಟನ್ನು ಗೆಳತಿ ಮೇರಿ ಜೇನ್‌ಗೆ ಹೇಳುತ್ತಾನೆ, ಕಥೆ ಅಷ್ಟೇ. ಖಳನಿಲ್ಲ, ಬಿದ್ದ ಕಟ್ಟಡವಿಲ್ಲ. ಒಂದು ಕೋಣೆ, ಎರಡು ಮುಖ. ಒಂದು ಚೌಕದಲ್ಲಿ ಅವನು ಬಾಯಿ ತೆರೆಯುತ್ತಾನೆ, ಮುಂದಿನದರಲ್ಲಿ ಮುಚ್ಚುತ್ತಾನೆ. ಹೊಡೆದಾಟಕ್ಕೆಂದೇ ಹುಟ್ಟಿದ ಪ್ರಕಾರದಲ್ಲಿ ಹೊಡೆದಾಟವಿಲ್ಲದ ಈ ಸಂಚಿಕೆಯನ್ನು ಅದರ ಅಭಿಮಾನಿಗಳು ಇಂದಿಗೂ ತಲೆಯ ಮೇಲೆ ಹೊತ್ತು ತಿರುಗುತ್ತಾರೆ.

"ಎಳೀತಾನ ಬಿಡ್ರಿ," ಅಂದ ಹುಡುಗ. ನಮ್ಮ ಕಡೆ ಕಥೆಯ ಮೇಲಿನ ಕಡೆಯ ತೀರ್ಪು ಇದು. ಸೀರಿಯಲ್ಲಿಗೂ ಇದೇ, ಪುರಾಣ ಹೇಳುವ ಸ್ವಾಮಿಗಳಿಗೂ ಇದೇ: ಎಳೀತಾನ.

ಅಮೆರಿಕದ ಕಾಮಿಕ್ಸ್ ಮಂದಿ ಇದಕ್ಕೆ 'ಡಿಕಂಪ್ರೆಷನ್' ಅನ್ನುತ್ತಾರೆ. ಒತ್ತಿ ತುಂಬಿದ್ದನ್ನು ಸಡಿಲ ಬಿಡುವುದು ಅಂತ ಅರ್ಥ. ಬನಹಟ್ಟಿಯ ನನ್ನ ಸೋದರಮಾವನಿಗೆ ಹೇಳಿದ್ದರೆ ಇನ್ನೂ ಚಂದದ ಮಾತು ಕೊಡುತ್ತಿದ್ದ: ಹಿಂಜುವುದು. ಅರಳೆಯ ಗಟ್ಟಿ ಉಂಡೆಯನ್ನು ಹಿಂಜಿದರೆ ಕೋಣೆಯ ತುಂಬ ಹರಡುತ್ತದೆ. ತಕ್ಕಡಿಗೆ ಹಾಕಿ, ತೂಕ ಅಷ್ಟೇ. ಹಿಂಜದೆ ಮಾತ್ರ ನೂಲು ಬರುವುದಿಲ್ಲ. ಎಳೆಯುವುದಕ್ಕೂ ಹಿಂಜುವುದಕ್ಕೂ ಇರುವ ಫರಕನ್ನು ನೇಕಾರರಿಗೆ ಬಿಡಿಸಿ ಹೇಳಬೇಕಿಲ್ಲ.

ಕಾಮಿಕ್ಸಿನ ಮೊದಲ ಕಾಲ ಉಂಡೆಯ ಕಾಲ. 1938ರಲ್ಲಿ 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಬಂದಾಗ, ಅವನು ಹುಟ್ಟಿದ ಗ್ರಹ ಒಡೆದದ್ದು, ಭೂಮಿಗೆ ಬಂದದ್ದು, ಬೆಳೆದದ್ದು, ಜಗತ್ತನ್ನು ಕಾಯುವ ಪಣ ತೊಟ್ಟದ್ದು ಎಲ್ಲ ಸೇರಿ ಒಂದೇ ಪುಟ. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸ್ಪೈಡರ್‌ಮ್ಯಾನ್‌ನನ್ನು ತಂದಾಗ ಸ್ವಲ್ಪ ಉದಾರಿಗಳಾದರು, 11 ಪುಟ ಕೊಟ್ಟರು. ಅಷ್ಟರಲ್ಲೇ ಜೇಡ ಕಚ್ಚಬೇಕು, ಶಕ್ತಿ ಬರಬೇಕು, ಕುಸ್ತಿ ಗೆಲ್ಲಬೇಕು, ಹೆಸರು ಬರಬೇಕು, ಸೊಕ್ಕು ಬರಬೇಕು, ಓಡುವ ಕಳ್ಳನನ್ನು 'ನನಗ್ಯಾಕೆ' ಎಂದು ಬಿಡಬೇಕು, ಅದೇ ಕಳ್ಳ ಚಿಕ್ಕಪ್ಪ ಬೆನ್‌ನನ್ನು ಕೊಲ್ಲಬೇಕು, ಹುಡುಗ ಅಳಬೇಕು. ಬೆನ್ ಸಾಯುವುದನ್ನು ನಾವು ನೋಡುವುದೇ ಇಲ್ಲ. ಬಾಗಿಲಲ್ಲಿ ನಿಂತ ಪೊಲೀಸಿನವನು ಸುದ್ದಿ ಹೇಳುತ್ತಾನೆ. ಬದುಕಿದ್ದಾಗಲಾದರೂ ಆ ಮನುಷ್ಯ ಎಷ್ಟು ಕಂಡ? ಬೆರಳೆಣಿಕೆಯ ಚೌಕಗಳಲ್ಲಿ ಬಂದು ಹೋದ.

ಬೆಂಡಿಸ್ 2000ದಲ್ಲಿ ಇದೇ 11 ಪುಟಗಳನ್ನು ಹಿಂಜಲು ಕೂತ. ಏಳು ಸಂಚಿಕೆ ಹಿಡಿಯಿತು, ನೂರೈವತ್ತಕ್ಕೂ ಹೆಚ್ಚು ಪುಟ. ಹಿಂದೆ ಜುಟ್ಟು ಕಟ್ಟಿದ ಈ ಹೊಸ ಬೆನ್ ಚಿಕ್ಕಪ್ಪ ಊಟದ ಮೇಜಿನಲ್ಲಿ ತಮಾಷೆ ಮಾಡುತ್ತಾನೆ, ಹುಡುಗನ ಮೇಲೆ ಸಿಟ್ಟಾಗುತ್ತಾನೆ, ಕಾಳಜಿ ಮಾಡುತ್ತಾನೆ. ಅವನು ಸಾಯುತ್ತಾನೆಂದು ಪುಸ್ತಕ ಕೊಂಡ ಪ್ರತಿಯೊಬ್ಬನಿಗೂ ಗೊತ್ತು. ಗೊತ್ತಿದ್ದೇ, ಇನ್ನೊಂದು ಸಂಚಿಕೆ ಬದುಕಿರಲಿ ಅನ್ನಿಸುತ್ತದೆ.

ನನಗೆ ಈ ಲೆಕ್ಕ ಮೊದಲೇ ಎಲ್ಲೋ ಕಂಡಂತಿತ್ತು. ಎಲ್ಲೋ ಏನು, ಮುಧೋಳದಲ್ಲಿ.

ಪಂಪ 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದಾಗ ಇಡೀ ಭಾರತವನ್ನು 14 ಆಶ್ವಾಸಗಳಲ್ಲಿ ಕಟ್ಟಿಬಿಟ್ಟ. ಒತ್ತಿ ತುಂಬುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅದರ 13ನೆಯ ಆಶ್ವಾಸದಲ್ಲಿ ಭೀಮ ದುರ್ಯೋಧನರ ಗದಾಯುದ್ಧ ಬರುತ್ತದೆ. ಮುದುವೊಳಲು ಎಂಬ ಊರಿನಲ್ಲಿ, ಅಂದರೆ ನಮ್ಮ ಮುಧೋಳ ಸೀಮೆಯಲ್ಲಿ, 949ರಲ್ಲಿ ಬಳೆಗಾರ ಜಿನವಲ್ಲಭ ಮತ್ತು ಅಬ್ಬಲಬ್ಬೆಯರ ಮಗನಾಗಿ ಹುಟ್ಟಿದ ರನ್ನ, ಆ ಒಂದು ತುಣುಕನ್ನು ಕೈಗೆತ್ತಿಕೊಂಡು ಹತ್ತು ಆಶ್ವಾಸಗಳಿಗೆ ಹಿಂಜಿದ. ಅದೇ 'ಗದಾಯುದ್ಧ', ಇನ್ನೊಂದು ಹೆಸರು 'ಸಾಹಸಭೀಮ ವಿಜಯ'. ಹದಿನೆಂಟು ದಿನದ ಯುದ್ಧದಲ್ಲಿ ಅವನಿಗೆ ಬೇಕಾದದ್ದು ಕೊನೆಯ ದಿನ. ಉಳಿದದ್ದೆಲ್ಲ ನಡೆಯುವ ಸಿಂಹ ಕತ್ತು ತಿರುಗಿಸಿ ಹಿಂದೆ ನೋಡಿದ ಹಾಗೆ ಬಂದು ಹೋಗುತ್ತದೆ. ಸಿಂಹಾವಲೋಕನ ಎಂದು ಅವನೇ ಅದಕ್ಕೆ ಹೆಸರಿಟ್ಟ. ಈಗಿನವರು ಫ್ಲ್ಯಾಷ್‌ಬ್ಯಾಕ್ ಅನ್ನುವುದು ಇದಕ್ಕೇ.

ಸೂಪರ್‌ಹೀರೋ ಬೇಕೆ? ಭೀಮ ಇದ್ದಾನೆ. ಆನೆ ಎತ್ತುವ ತೋಳು, ಹೇಳಿಮಾಡಿಸಿದ ಆಯುಧ, ತೊಡೆ ಮುರಿಯುವ ಪ್ರತಿಜ್ಞೆ. ಹೀರೋನ ಮುಖವಾಡದ ಹಿಂದೆ ಇನ್ನೊಬ್ಬ ಮನುಷ್ಯನೂ ಇದ್ದಾನೆ. ಆಶ್ರಯ ಕೊಟ್ಟ ಚಾಲುಕ್ಯ ದೊರೆ ಸತ್ಯಾಶ್ರಯ ಇರಿವಬೆಡಂಗನನ್ನೇ ರನ್ನ ಭೀಮನಾಗಿ ಕಂಡ, ಆ ಕಾರಣಕ್ಕೇ ಕೊನೆಯಲ್ಲಿ ಪಟ್ಟ ಕಟ್ಟಿದ್ದೂ ಭೀಮನಿಗೆ. ಹೊಗಳಬೇಕಾದದ್ದು ಅವನನ್ನೇ. ಆದರೆ ಕಾವ್ಯದ ಬಹುಪಾಲು ಹೊತ್ತು ರನ್ನ ಯಾರ ಜೊತೆ ನಡೆದ ನೋಡಿ.

ಗದೆ ಎತ್ತುವುದಕ್ಕೆ ಮುಂಚೆ ದುರ್ಯೋಧನ ಭೀಷ್ಮನನ್ನು ನೋಡಲು ಹೊರಡುತ್ತಾನೆ. ರಥವಿಲ್ಲ, ಛತ್ರವಿಲ್ಲ, ಸಂಜಯನ ಆಸರೆಯಲ್ಲಿ ಕಾಲ್ನಡಿಗೆ. ದಾರಿಯೇ ರಣರಂಗ. ನೆತ್ತರಿನಲ್ಲಿ ಕಾಲು ಜಾರುತ್ತದೆ, ಮುರಿದ ರಥ, ಬಿದ್ದ ಆನೆಗಳನ್ನು ಬಳಸಿ ಹೋಗಬೇಕು. ಹೆಣ ತಿನ್ನಲು ಬಂದ ಮರುಳುಗಳು ದೊರೆಯನ್ನೇ ಅಣಕಿಸುತ್ತವೆ. ಮೊದಲು ದ್ರೋಣನ ಶವ. ಆಮೇಲೆ ಅಭಿಮನ್ಯು. ತನ್ನ ಕಡೆಯವರೇ ಸುತ್ತುಗಟ್ಟಿ ಕೊಂದ ಹುಡುಗನ ಮುಂದೆ ನಿಂತು ಇಂಥ ಸಾವಿನಲ್ಲಿ ಒಂದು ಪಾಲಾದರೂ ನನಗೆ ಸಿಗಲಿ ಎಂದು ಕೈಮುಗಿಯುತ್ತಾನೆ. ಆಮೇಲೆ ತನ್ನ ಮಗ ಲಕ್ಷಣಕುಮಾರ. ತಂದೆಗೆ ಮಗ ತರ್ಪಣ ಬಿಡಬೇಕಾದದ್ದು ಲೋಕರೂಢಿ, ಇಲ್ಲಿ ತಿರುಗುಮುರುಗು. ಆಮೇಲೆ ದುಶ್ಶಾಸನ. ಆಮೇಲೆ ಕರ್ಣ. ಕರ್ಣನ ಹತ್ತಿರ ಬಂದಾಗ ಕಾಲು ಮುಂದೆ ಹೋಗುವುದಿಲ್ಲ, ಅವನದೂ, ಓದುವವನದೂ.

ಕಥೆಯ ಲೆಕ್ಕದಲ್ಲಿ ಇಷ್ಟೂ ಹೊತ್ತು ನಡೆದದ್ದು ಏನು? ಒಬ್ಬ ಮನುಷ್ಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದ. ಕಾಮಿಕ್ಸಿನಲ್ಲಾದರೆ ಒಂದು ಚೌಕ, ಮೇಲೊಂದು ಪಟ್ಟಿಯಲ್ಲಿ 'ಇತ್ತ ದುರ್ಯೋಧನ...' ಎಂದು ಬರೆದು ಮುಗಿಸಬಹುದಿತ್ತು. ರನ್ನನಿಗೆ ಅವಸರವಿರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ, ಏಕೆಂದರೆ ಕೊನೆ ಎಲ್ಲರಿಗೂ ಗೊತ್ತಿತ್ತು. ದುರ್ಯೋಧನ ಸರೋವರ ಹೊಗುತ್ತಾನೆ, ಭೀಮನ ಕೂಗಿಗೆ ನೀರೊಳಗೇ ಬೆವರುತ್ತಾನೆ, ಹೊರಗೆ ಬರುತ್ತಾನೆ, ತೊಡೆ ಮುರಿಯುತ್ತದೆ. ಏನಾಗುತ್ತದೆ ಎಂಬ ಕುತೂಹಲ ಮೊದಲೇ ತೀರಿದ್ದರಿಂದ ಹೇಗಾಗುತ್ತದೆ ಎಂಬುದಕ್ಕೆ ಜಾಗ ಸಿಕ್ಕಿತು. ನಿಧಾನ ಅನ್ನುವುದು ಗೊತ್ತಿರುವ ಕಥೆಯ ಹಕ್ಕು ಅಂತ ನನ್ನ ವಾದ. ಬೆನ್ ಚಿಕ್ಕಪ್ಪನ ಊಟದ ಮೇಜಿಗೂ ದುರ್ಯೋಧನನ ನಡಿಗೆಗೂ ಸಿಕ್ಕ ಪರವಾನಗಿ ಒಂದೇ. (ಹಳೆಯ ಕನ್ನಡದಲ್ಲಿ 'ನಿಧಾನ' ಎಂದರೆ ಹೂತಿಟ್ಟ ನಿಧಿ. 'ಜೇಡ' ಅಂದರೆ ನೇಕಾರನೂ ಹೌದು, ಹುಳವೂ ಹೌದು. ಸ್ಪೈಡರ್‌ಮ್ಯಾನ್‌ನನ್ನು ಬನಹಟ್ಟಿಯವರು ನಮ್ಮ ಪೈಕಿ ಎಂದರೆ ತಕರಾರು ಮಾಡುವಂತಿಲ್ಲ.)

ಬನಹಟ್ಟಿಯ ಆ ಸೋದರಮಾವನಲ್ಲಿ ಒಂದು ತಗಡಿನ ಟ್ರಂಕು ಇತ್ತು, ತುಂಬ ಇಂದ್ರಜಾಲ ಕಾಮಿಕ್ಸ್. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಶುರುಮಾಡಿದ ಮಾಲೆ. ಕನ್ನಡದಲ್ಲೂ ಬರುತ್ತಿತ್ತು, 1990ರಲ್ಲಿ ನಿಂತಿತು. ಕರೆಂಟು ಇರುವತನಕ ಪವರ್‌ಲೂಮಿನ ಸದ್ದಿನಲ್ಲಿ ಆ ಓಣಿಯವರು ಕಿವಿಗೆ ಬಾಯಿಟ್ಟೇ ಮಾತಾಡಬೇಕು. ಕರೆಂಟು ಹೋಯಿತೋ, ಊರಿಗೆ ಊರೇ ಒಮ್ಮೆಲೇ ಮೌನ. ಆ ಮೌನದಲ್ಲಿ ಮಾವ ಟ್ರಂಕು ತೆಗೆಯುತ್ತಿದ್ದ. ನಮಗೆ ಫ್ಯಾಂಟಮ್ ಎಂದರೆ ಕರೆಂಟು ಹೋದಾಗ ಬರುವವನು.

ಲೀ ಫಾಕ್ ಅಮೆರಿಕದಲ್ಲಿ ಫ್ಯಾಂಟಮ್ ಶುರುಮಾಡಿದ್ದು 1936ರ ಫೆಬ್ರವರಿ 17ರಂದು, ದಿನಪತ್ರಿಕೆಯ ಪಟ್ಟಿಯಾಗಿ. ದಿನಕ್ಕೆ ಮೂರು ನಾಲ್ಕು ಚೌಕ. ಅದರಲ್ಲೂ ಮೊದಲ ಚೌಕ ನಿನ್ನೆಯದನ್ನು ನೆನಪಿಸಲು, ಕೊನೆಯದು ನಾಳೆಗೆ ಗಾಳ ಹಾಕಲು. ಕಥೆ ನಿಜಕ್ಕೂ ಮುಂದೆ ಸರಿಯುವುದು ನಡುವಿನ ಜಾಗದಲ್ಲಿ ಮಾತ್ರ, ಅದೂ ಇರುವೆಯ ಹೆಜ್ಜೆ. ಇಂಥ ತಿಂಗಳುಗಟ್ಟಲೆ ಪಟ್ಟಿಗಳನ್ನು ಇಂದ್ರಜಾಲದವರು ಕತ್ತರಿಸಿ, ಜೋಡಿಸಿ, ಒಂದೇ ಪುಸ್ತಕಕ್ಕೆ ಇಳಿಸುತ್ತಿದ್ದರು. ಹಿಂಜಿದ್ದನ್ನು ಮತ್ತೆ ಉಂಡೆ ಕಟ್ಟುವ ಕೆಲಸ. ಫ್ಯಾಂಟಮ್ ಇರುವ ಬೆಂಗಾಲಿ ಕಾಡು 'ಡೆಂಕಾಲಿ' ಆದದ್ದೂ ಇಲ್ಲೇ, ಬಂಗಾಲದವರಿಗೆ ಬೇಸರವಾಗದಿರಲಿ ಅಂತ. ನಮಗೆ ಯಾವ ಬೇಸರವೂ ಇರಲಿಲ್ಲ. ಫ್ಯಾಂಟಮ್‌ನ ಡೆವಿಲ್ ತೋಳವಂತೆ, ನಾವದನ್ನು ಮುಧೋಳದ ನಾಯಿ ಎಂದೇ ತಿಳಿದಿದ್ದೆವು.

ಈ ಫ್ಯಾಂಟಮ್‌ನ ಮದುವೆ ನೋಡಿ. ಡಯಾನಾ ಪಾಮರ್ ಮೊದಲ ದಿನದ ಪಟ್ಟಿಯಲ್ಲೇ ಬಂದವಳು, 1936ರಲ್ಲಿ. ತಾಳಿ, ಅಂದರೆ ಉಂಗುರ, ಬಿದ್ದದ್ದು 1977ರಲ್ಲಿ. 41 ವರ್ಷ! ನಮ್ಮ ಕಡೆ ಎರಡು ಯುಗಾದಿ ದಾಟಿದರೆ ಹೆಣ್ಣಿನ ತಾಯಿ ಬೇರೆ ಗಂಡು ನೋಡುತ್ತಾಳೆ. ಅವಳಿ ಮಕ್ಕಳು ಮಾತ್ರ ಜಲ್ದಿ, 1979ಕ್ಕೇ ಹುಟ್ಟಿದವು. ಇಂದ್ರಜಾಲ ಶುರುವಾದ 1964ರಲ್ಲೇ ಆಲಮಟ್ಟಿ ಅಣೆಕಟ್ಟಿಗೂ ಅಡಿಗಲ್ಲು ಬಿತ್ತು. ಫ್ಯಾಂಟಮ್‌ಗೆ ಮದುವೆಯಾಗಿ, ಮಕ್ಕಳಾಗಿ, ಪುಸ್ತಕವೇ ನಿಂತುಹೋಗಿ ಇಷ್ಟು ವರ್ಷವಾಯಿತು. 519.60 ಮೀಟರಿನ ನೀರು 524.256ಕ್ಕೆ ಏರುವುದು ಯಾವಾಗ, ಆಗ ಯಾರ ಮನೆ ಉಳಿಯುತ್ತದೆ, ಯಾರ ಹೊಲ ಹೋಗುತ್ತದೆ ಎಂಬ ಬೀಳಗಿ ಕಡೆಯ ಕಥೆಯ ಕೆಳಗೆ ಇವತ್ತಿಗೂ 'ಸಶೇಷ' ಎಂದೇ ಇದೆ. ಕೊನೆ ಗೊತ್ತಿಲ್ಲದ ಕಥೆಯನ್ನು ಹೀಗೆ ಎಳೆದರೆ ಯಾರಿಗೂ ರಸ ಹುಟ್ಟುವುದಿಲ್ಲ.

ಇಲ್ಲಿಗೇ ಬಂತು ನನ್ನ ತಕರಾರು. ಬೆಂಡಿಸ್‌ಗೂ ಸ್ವಲ್ಪ ಮೊದಲು, 1999ರಲ್ಲಿ, ವಾರನ್ ಎಲ್ಲಿಸ್ ಮತ್ತು ಬ್ರಯಾನ್ ಹಿಚ್ 'ದಿ ಅಥಾರಿಟಿ' ತಂದರು. ಪುಟದ ಈ ತುದಿಯಿಂದ ಆ ತುದಿಗೆ ಹಾಸಿದ ಅಗಲ ಚೌಕಗಳು, ಸಿನಿಮಾ ಪರದೆಯ ಹಾಗೆ. ಓದುವುದಕ್ಕಿಂತ ನೋಡುವುದು ಹೆಚ್ಚು. ಜಪಾನಿನ ಮಾಂಗಾದಿಂದಲೂ ಪಾಠ ಬಂದಿತ್ತು. 'ಲೋನ್ ವುಲ್ಫ್ ಆ್ಯಂಡ್ ಕಬ್'ನಂಥ ಕೃತಿಗಳಲ್ಲಿ ಕತ್ತಿ ಒರೆಯಿಂದ ಹೊರಬರಲು ಪುಟಗಟ್ಟಲೆ ಹಿಡಿಯುತ್ತದೆ, ನಡುವೆ ಹುಲ್ಲು ಅಲ್ಲಾಡುತ್ತದೆ. ಆದರೆ ಮಾಂಗಾ ಓದುಗನಿಗೆ ಅಗ್ಗದ ಕಾಗದದಲ್ಲಿ ದಪ್ಪ ಕಟ್ಟು ಸಿಗುತ್ತದೆ. ಅಮೆರಿಕದವನಿಗೆ ತಿಂಗಳಿಗೆ ಇಪ್ಪತ್ತು ಚಿಲ್ಲರೆ ಪುಟ, ಅಷ್ಟೇ. ಹುಲ್ಲು ಅಲ್ಲಾಡುವುದರಲ್ಲೇ ತಿಂಗಳು ಮುಗಿದರೆ?

ವ್ಯಾಪಾರವೂ ಕೈಹಾಕಿತು. ಆರು ಸಂಚಿಕೆ ಒಟ್ಟುಮಾಡಿ ಪುಸ್ತಕದಂಗಡಿಗೆ ಕಳಿಸಿದರೆ ಲಾಭವೆಂದು ಕಂಡುಕೊಂಡ ಮೇಲೆ, ಎರಡು ಸಂಚಿಕೆಯ ಸರಕನ್ನೂ ಆರಕ್ಕೆ ಎಳೆಯುವ ಚಾಳಿ ಬಿತ್ತು. ನಾಲ್ಕೈದು ಡಾಲರು ಕೊಟ್ಟು ತಂದ ಸಂಚಿಕೆಯಲ್ಲಿ ಹೀರೋ ಚಹಾ ಕುಡಿಯುತ್ತಾನೆ, ಕಿಟಕಿ ನೋಡುತ್ತಾನೆ, ಕೊನೆಯ ಪುಟದಲ್ಲಿ ಬಾಗಿಲು ಬಡಿಯುವ ಸದ್ದು. ಅದು ಎಳೆತ. ಅರಳೆಯೇ ಇಲ್ಲದೆ ಬಿಲ್ಲು ಮೀಟಿದ ಹಾಗೆ.

ದೊಡ್ಡಾಟದವರಿಗೆ ಈ ವಂಚನೆಗೆ ಅವಕಾಶವಿರಲಿಲ್ಲ. ನಾನು ಹುಡುಗನಿದ್ದಾಗ ಕಂಡ ಆಟಗಳಲ್ಲಿ ಒಂದು ಪಾತ್ರ ಪೂರಾ ಹೊರಗೆ ಬರಲು ಅರ್ಧ ತಾಸು ಹಿಡಿಯುತ್ತಿತ್ತು. ಗಣಪತಿ ಸ್ತುತಿ ಮುಗಿದ ಮೇಲೆ ಪರದೆಯ ಹಿಂದೆ ಗೆಜ್ಜೆ, ಪರದೆಯ ಮೇಲೆ ಕಿರೀಟದ ತುದಿ, ಆಮೇಲೆ ಗಾಜಿನ ಚೂರು ಹಚ್ಚಿದ ಭುಜಕೀರ್ತಿ. ಹೊರಗೆ ಬಂದರೂ ಸುಮ್ಮನೆ ಬಿಡುವವರಾರು, ಸಾರಥಿ ಅಡ್ಡ ಬರುತ್ತಾನೆ: ತಾವು ಯಾರು, ಯಾವ ದೇಶ, ನಾಮಾಂಕಿತವೇನು. ಎದುರಿಗೆ ಕೂತ ಮುದುಕಿಗೂ ಅವನು ಕರ್ಣನೆಂದು ಗೊತ್ತು. ಆದರೂ ಅವನು ಹೇಳಲೇಬೇಕು, ಪದ್ಯದಲ್ಲೊಮ್ಮೆ, ಮಾತಿನಲ್ಲೊಮ್ಮೆ. ಫ್ಯಾಂಟಮ್ ಪ್ರತಿ ಕಥೆಯಲ್ಲೂ 1536ರಿಂದ, ತಲೆಬುರುಡೆಯ ಮೇಲಿನ ಆಣೆಯಿಂದ ತನ್ನ ವಂಶ ಹೇಳಿಕೊಳ್ಳುವುದು ಈ ಸಾರಥಿಗೇ. ನಡುವೆ ಆಟ ನಿಲ್ಲಿಸಿ 'ಇಂಥವರು ಐದು ರೂಪಾಯಿ ಆಯಾರ ಮಾಡಿದ್ದಾರೆ' ಎಂದು ಕೂಗುತ್ತಿದ್ದರು, ಕಾಮಿಕ್ಸಿನ ನಡುವೆ ಬಿಸ್ಕೀಟಿನ ಜಾಹೀರಾತು ಬಂದ ಹಾಗೆ. ಫರಕು ಇಷ್ಟೇ: ಚಂದಾಗಿ ಹಿಂಜಿದವನಿಗೆ ಆಯಾರ ಅಲ್ಲೇ ಬೀಳುತ್ತಿತ್ತು, ಸುಮ್ಮನೆ ಎಳೆದವನಿಗೆ 'ಸಾಕು ಕುಂದ್ರೋ' ಕೂಡ ಅಲ್ಲೇ ಬೀಳುತ್ತಿತ್ತು.

ಇನ್ನು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣ ಬರೆದು, ಕುಲಗೋಡ ತಮ್ಮಣ್ಣ ಬೆಳೆಸಿ, ಕೌಜಲಗಿ ನಿಂಗಮ್ಮ ಊರೂರಿಗೆ ಮುಟ್ಟಿಸಿದ ಆಟ. ಕಥೆ ಎಷ್ಟು? ನಾರದ ತಂದ ಹೂವು ರುಕ್ಮಿಣಿಯ ಪಾಲಾಯಿತು, ಸತ್ಯಭಾಮೆ ಮುನಿದಳು, ಕೃಷ್ಣ ರಮಿಸಿದ. ಚಹಾ ಕಾಯುವಷ್ಟರಲ್ಲಿ ಹೇಳಿ ಮುಗಿಸಬಹುದು. ಆಡಲು ರಾತ್ರಿಯೇ ಬೇಕು. ಬೆರಳಿನಲ್ಲಿ ಗುಡ್ಡ ಎತ್ತಿದ ದೇವರು ಇಲ್ಲಿ ಬೆಳತನಕ ಹೆಂಡತಿಯ ಬಾಗಿಲಲ್ಲಿ ನಿಂತಿರುತ್ತಾನೆ, ಭಾಗವತ ನಡುವೆ ಬೆಂಕಿಗೆ ತುಪ್ಪ ಸುರಿಯುತ್ತಿರುತ್ತಾನೆ. ಕಂಸ ಬರಲಿಲ್ಲ, ಚಕ್ರ ಹೊರಡಲಿಲ್ಲ ಎಂದು ಯಾರೂ ಎದ್ದು ಹೋದದ್ದು ನಾನು ಕಾಣೆ. ಒಂದು ಕೋಣೆ, ಎರಡು ಮುಖ.

ಇದನ್ನೆಲ್ಲ ಆ ರಾತ್ರಿ ಹುಡುಗನಿಗೆ ಹೇಳಲಿಲ್ಲ, ಹೇಳಿದ್ದರೆ ನನಗೂ 'ಎಳೀತಾನ' ಬೀಳುತ್ತಿತ್ತು. ಮೊಬೈಲಿನ ಬ್ಯಾಟರಿ ಸತ್ತಿತು. ಸಾಲು ಅಲ್ಲಾಡುತ್ತಿರಲಿಲ್ಲ. ಮಂಜು ಬಿದ್ದು ಸೋಗೆಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಹೊತ್ತು ಹೋಗಲೆಂದು ದುರ್ಯೋಧನನ ನಡಿಗೆ ಹೇಳಲು ಶುರುಮಾಡಿದೆ, ರನ್ನನ ಊರು ಇಲ್ಲೇ ಆಚೆ ಎಂದು ಕೈತೋರಿಸಿ. ಟಿ.ವಿ.ಯಲ್ಲಿ ಮಹಾಭಾರತ ಎರಡು ಸಲ ನೋಡಿದವನು.

"ಗೊತ್ತೈತಲ್ರಿ, ತೊಡಿ ಮುರೀತಾನ," ಅಂದ.

"ಹೂಂ, ಮುರೀತಾನ," ಅಂದೆ. ದ್ರೋಣ ಆಯಿತು. ಅಭಿಮನ್ಯುವಿನ ಹತ್ತಿರ ಬಂದಾಗ ಹುಡುಗ ಸ್ಟೇರಿಂಗಿನ ಮೇಲೆ ಗದ್ದ ಊರಿದ. ಮಗನ ಹೆಣ ಬಂದಾಗ ಏನೂ ಅನ್ನಲಿಲ್ಲ. ದುಶ್ಶಾಸನ ದಾಟಿದೆವು. ಅಷ್ಟರಲ್ಲಿ ಮುಂದೆ ಎಲ್ಲೋ ಇಂಜಿನ್ನುಗಳು ಒಂದೊಂದಾಗಿ ಗುಡುಗಿದವು. ಇವನೂ ಕೀಲಿ ತಿರುವಿ ಗೇರು ಹಾಕಿದ. ಎರಡು ಗಾಡಿಯಷ್ಟು ಸರಿದು ಸಾಲು ಮತ್ತೆ ನಿಂತಿತು. ಇಂಜಿನ್ ಬಂದ್ ಮಾಡಿ, ಟವೆಲ್ಲು ಕಿವಿಗೆ ಸುತ್ತಿಕೊಂಡು, ನನ್ನ ಕಡೆ ತಿರುಗಿದ.

"ಹಾಂ, ಕರ್ಣನ ಹತ್ರ ಬಂದಿದ್ವಿ."